ಬಾರ್ಬರೆಸ್ಕೊ: ಒಗರು ಗೊತ್ತಿದ್ದವರ ವೈನ್

ನಮಸ್ಕಾರ. ಇವತ್ತು ಇಟಲಿಯ ಒಂದೇ ಊರಿನ, ಒಂದೇ ವೈನರಿಯ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಮುಂಚೆ ನಮ್ಮದೇ ಒಂದು ಪದ. ಒಗರು.

ನೆಲ್ಲಿಕಾಯಿ ಕಚ್ಚಿದಾಗ, ಹಸಿ ಅಡಿಕೆ ಅಗಿದಾಗ ನಾಲಿಗೆ ಗಪ್ಪನೆ ಹಿಡಿದುಕೊಳ್ಳುತ್ತದಲ್ಲ, ಅದು. ಹುಳಿ ಬೇರೆ, ಕಹಿ ಬೇರೆ, ಒಗರು ಬೇರೆ. ವೈನ್ ಬಗ್ಗೆ ಬರೆಯುವವರು ಟ್ಯಾನಿನ್ ಅಂತ ಪುಟಗಟ್ಟಲೆ ವಿವರಿಸುತ್ತಾರೆ. ನಮಗೆ ಅಷ್ಟೆಲ್ಲ ಬೇಕಿಲ್ಲ. ಒಗರು ಅಂದರೆ ಸಾಕು, ಬಾಯಿಗೇ ಗೊತ್ತು.

ಈಗ ಇಟಲಿಗೆ ಹೋಗೋಣ. ವಾಯವ್ಯ ಮೂಲೆಯಲ್ಲಿ ಪಿಯೆಮೊಂಟೆ ಪ್ರಾಂತ್ಯ. ಅಲ್ಲಿ ಆಲ್ಬಾ ಪಟ್ಟಣದ ಹತ್ತಿರ, ತನಾರೊ ನದಿಯ ಪಕ್ಕದ ಗುಡ್ಡದ ಮೇಲೆ ಬಾರ್ಬರೆಸ್ಕೊ ಅನ್ನುವ ಪುಟ್ಟ ಊರು. ಒಂದು ಹಳೇ ಗೋಪುರ, ಒಂದು ಚರ್ಚು, ಸುತ್ತ ದ್ರಾಕ್ಷಿ ತೋಟ. ಇಲ್ಲಿ ಬೆಳೆಯುವ ಮುಖ್ಯ ದ್ರಾಕ್ಷಿ ನೆಬ್ಬಿಯೊಲೊ. ಕೊಯ್ಲು ತಡ, ಹೆಚ್ಚಾಗಿ ಅಕ್ಟೋಬರ್‌ನಲ್ಲಿ, ಬೆಳಗಿನ ಮಂಜು ಕಣಿವೆ ತುಂಬಿಕೊಳ್ಳುವ ಹೊತ್ತಿಗೆ.

ಇದರ ವೈನಿಗೂ ಊರಿನದೇ ಹೆಸರು. ನೋಡಿದರೆ ಮೋಸ ಹೋಗುತ್ತೀರಿ. ಬಣ್ಣ ತೆಳು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತದೆ. ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಮೂಸಿದರೆ ಒಣಗಿದ ಗುಲಾಬಿ ಎಸಳು, ಚೆರಿ, ಹಿಂದೆ ಎಲ್ಲೋ ಡಾಂಬರಿನ ಸಣ್ಣ ವಾಸನೆ. ಇಷ್ಟು ನಾಜೂಕಾಗಿದೆಯಲ್ಲ ಅಂದುಕೊಂಡು ಗುಟುಕು ಕುಡಿದರೆ, ಒಗರು ಒಸಡನ್ನೇ ಹಿಡಿದು ಎಳೆಯುತ್ತದೆ.

ನಾನು ಮೊದಲ ಸಲ ಇದನ್ನು ಕುಡಿದದ್ದು ಬೆಂಗಳೂರಿನ ಒಂದು ಹೋಟೆಲಿನಲ್ಲಿ. ಏಪ್ರಿಲ್ ತಿಂಗಳು. ಬಾಟಲಿ ಮುಟ್ಟಿದರೆ ಬೆಚ್ಚಗಿತ್ತು. ಜೊತೆಗೆ ಕೆಂಪಗೆ ಖಾರ ಸವರಿದ ಕೋಳಿ ಕಬಾಬ್. ಒಗರಿನ ಮೇಲೆ ಖಾರ ಬಿದ್ದರೆ ಏನಾಗುತ್ತದೆ ಗೊತ್ತಾ? ಎರಡೂ ಹೆಚ್ಚುತ್ತವೆ. ಬಾಯಿ ಉರಿ, ವೈನ್ ಕಹಿ. ಅಷ್ಟು ದುಡ್ಡು ಕೊಟ್ಟು ಅರ್ಧ ಗ್ಲಾಸ್ ಬಿಟ್ಟು ಬಂದೆ. ಇಟಲಿಯ ವೈನ್ ನಮಗೆ ಆಗಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದೆ.

ಆ ತೀರ್ಮಾನ ತಪ್ಪು ಅಂತ ಗೊತ್ತಾದದ್ದು ಪಿಯೆಮೊಂಟೆಯ ಊಟದ ಮೇಜಿನ ಮುಂದೆ ಕೂತಾಗ.

ತಟ್ಟೆಯಲ್ಲಿ ತಾಯರಿನ್ ಬಂತು. ನಮ್ಮ ಶ್ಯಾವಿಗೆಗಿಂತ ಸ್ವಲ್ಪ ಅಗಲ, ಅರಿಶಿನದಷ್ಟು ಹಳದಿ. ಒಂದು ಕಿಲೋ ಹಿಟ್ಟಿಗೆ 30, ಕೆಲವರು 40 ಮೊಟ್ಟೆಯ ಹಳದಿ ಹಾಕಿ ಕಲಸುತ್ತಾರೆ. ಅದರ ಮೇಲೆ ಬೆಣ್ಣೆ, ಎರಡು ಸೇಜ್ ಎಲೆ. ಬೇರೇನೂ ಇಲ್ಲ. ಒಂದು ತುತ್ತು ತಿಂದೆ. ನಾಲಿಗೆ ಮೇಲೆ ಬೆಣ್ಣೆ ಕೂತಿತು. ಆಮೇಲೆ ಒಂದು ಗುಟುಕು ಬಾರ್ಬರೆಸ್ಕೊ. ಒಗರು ಬಂತು, ಜಿಡ್ಡನ್ನು ಎತ್ತಿಕೊಂಡು ಹೋಯಿತು. ಬಾಯಿ ಚೊಕ್ಕ. ಮತ್ತೆ ಒಂದು ತುತ್ತು ಬೇಕು ಅನ್ನಿಸಿತು. ಅದೇ ದ್ರಾಕ್ಷಿ, ಅದೇ ಹಿಡಿತ. ಬದಲಾದದ್ದು ತಟ್ಟೆ ಮಾತ್ರ.

ಇದಕ್ಕೆ ಕಾರಣ ಇದೆ. ಒಗರು ಕೊಡುವ ಅಂಶವಾದ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗಿದ ಹಾಗೆ ಆಗುವುದು. ಮೊಟ್ಟೆ, ಮಾಂಸ, ಚೀಸ್, ಬೆಣ್ಣೆ ಬಾಯಲ್ಲಿದ್ದರೆ ಅದರ ಪಾಲಿಗೆ ಬೇರೆ ಕೆಲಸ ಸಿಗುತ್ತದೆ. ಹಾಗಾಗಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಈ ವೈನನ್ನು ಬರೀ ಗ್ಲಾಸಿನಲ್ಲಿ ರುಚಿ ನೋಡಿ ಅಂಕ ಕೊಡುವುದು ಅನ್ಯಾಯ. ಉಪ್ಪಿನಕಾಯಿಯನ್ನು ಅನ್ನವಿಲ್ಲದೆ ತಿಂದು ಜಾಸ್ತಿ ಉಪ್ಪು ಅಂದ ಹಾಗೆ.

ನಾನು ಹೇಳಬೇಕೆಂದಿದ್ದ ವೈನರಿ ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ. ಅಂದರೆ ಬಾರ್ಬರೆಸ್ಕೊ ಉತ್ಪಾದಕರು, ಅಷ್ಟೇ. ಇದೊಂದು ಸಹಕಾರ ಸಂಘ. 1894ರಲ್ಲಿ ದೊಮಿತ್ಸಿಯೊ ಕವಾತ್ಸಾ ಅನ್ನುವವರು ಒಂಬತ್ತು ಬೆಳೆಗಾರರನ್ನು ಸೇರಿಸಿ ಇಲ್ಲಿ ಮೊದಲ ಸಂಘ ಕಟ್ಟಿದರು. ಅವರು ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥರು. ಅಲ್ಲಿಯವರೆಗೆ ಈ ಊರಿನ ದ್ರಾಕ್ಷಿ ಪಕ್ಕದ ಸೀಮೆಯ ವೈನಾದ ಬರೋಲೊ ಹೆಸರಿನಲ್ಲೂ ಹೋಗುತ್ತಿತ್ತು. 1920ರ ದಶಕದಲ್ಲಿ, ಫ್ಯಾಸಿಸ್ಟರ ಕಾಲದಲ್ಲಿ, ಆ ಸಂಘ ಮುಚ್ಚಿತು. ಮತ್ತೆ 1958ರಲ್ಲಿ ಊರಿನ ಪಾದ್ರಿ 19 ಸಣ್ಣ ಬೆಳೆಗಾರರನ್ನು ಒಟ್ಟು ಮಾಡಿದರು. ಮೊದಲ ಮೂರು ವರ್ಷ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ!

ಇವತ್ತು ಸುಮಾರು 50 ಕುಟುಂಬಗಳಿವೆ. ಸುಮ್ನೆ ತೂಕ ನೋಡಿ ದುಡ್ಡು ಕೊಡುವುದಿಲ್ಲ, ದ್ರಾಕ್ಷಿಯ ಸಕ್ಕರೆ ಅಂಶ, ಗುಣಮಟ್ಟ ನೋಡಿ ಕೊಡುತ್ತಾರೆ. ನಮ್ಮ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡಿ ರೇಟು ಹಾಕುತ್ತಾರಲ್ವಾ, ಹಾಗೆ. ಡೈರಿಗೆ ಹಾಲು ಹಾಕಿದ ಮನೆಯವರಿಗೆ ಇದರ ಬೆಲೆ ಗೊತ್ತು. ದೊಡ್ಡ ಹೆಸರಿನ ಮಾಲೀಕರಿಲ್ಲದೆ ಒಂದು ಊರು ತನ್ನ ಹೆಸರನ್ನೇ ಬಾಟಲಿ ಮೇಲೆ ಹಾಕಿಕೊಂಡು ನಿಂತಿದೆ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಇವರು ನೆಬ್ಬಿಯೊಲೊ ಬಿಟ್ಟು ಬೇರೇನೂ ಮಾಡುವುದಿಲ್ಲ. ಲಾಂಗೆ ಅಂದರೆ ಈ ಗುಡ್ಡಗಾಡಿನ ಹೆಸರು. ಲಾಂಗೆ ನೆಬ್ಬಿಯೊಲೊ ಎಳೆಯದು, ಬೆಲೆಯೂ ಕಡಿಮೆ. ಶುರು ಮಾಡುವವರು ಇದರಿಂದಲೇ ಮಾಡಿ. ಪ್ಲಿನ್ ಜೊತೆ ಚೆನ್ನ. ಪ್ಲಿನ್ ಅಂದರೆ ಅಲ್ಲಿಯ ಮಾತಿನಲ್ಲಿ ಚಿವುಟು. ಮಾಂಸದ ಹೂರಣ ತುಂಬಿ, ಕಡುಬಿನ ಅಂಚು ಒತ್ತುವ ಹಾಗೆ ಬೆರಳಲ್ಲಿ ಚಿವುಟಿ ಮುಚ್ಚಿದ ಉಗುರಿನಷ್ಟು ಪಾಸ್ತಾ.

ಬಾರ್ಬರೆಸ್ಕೊ ಕನಿಷ್ಠ 26 ತಿಂಗಳು ಮಾಗಬೇಕು, ಅದರಲ್ಲಿ 9 ತಿಂಗಳು ಮರದ ಪೀಪಾಯಿಯಲ್ಲಿ. ಇದಕ್ಕೆ ತಾಯರಿನ್. ಶರತ್ಕಾಲವಾದರೆ ಅದರ ಮೇಲೆ ಆಲ್ಬಾದ ಬಿಳಿ ಟ್ರಫಲ್ ತುರಿ, ಮಣ್ಣಿನಡಿ ಬೆಳೆಯುವ ಅಣಬೆ ಅದು. ರಿಸರ್ವಾ ಅಂದರೆ ಇನ್ನೂ ಹೆಚ್ಚು ಕಾಲ ಮಾಗಿಸಿದ ಬಾರ್ಬರೆಸ್ಕೊ, ಕನಿಷ್ಠ 50 ತಿಂಗಳು. ಆಸಿಲಿ, ರಬಯಾ, ಮೊಂತೆಸ್ತೆಫಾನೊ, ಹೀಗೆ ಒಂಬತ್ತು ತೋಟಗಳು, ಒಂದೊಂದಕ್ಕೂ ಬೇರೆ ಬಾಟಲಿ. ಆಸಿಲಿ ನಯ. ಮೊಂತೆಸ್ತೆಫಾನೊ ಗಟ್ಟಿ ಆಳು, ಅದಕ್ಕೆ ವೈನಿನಲ್ಲೇ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸದ ಬ್ರಸಾತೊ ಬೇಕು. ಮಾಂಸ ತಿನ್ನದವರಿಗೆ ಕಸ್ತೆಲ್ಮಾನ್ಯೊ ಚೀಸ್, ಇಲ್ಲವೇ ಬೆಣ್ಣೆಯಲ್ಲಿ ಹುರಿದ ಅಣಬೆ. ಬೆಳ್ಳುಳ್ಳಿ, ಆಂಚೊವಿ ಮೀನು ಕರಗಿಸಿದ ಬಾನ್ಯ ಕೌದ ಅನ್ನುವ ಬಿಸಿ ಗೊಜ್ಜಿಗೆ ಮಾತ್ರ ಇವರ ಯಾವ ಬಾಟಲಿಯನ್ನೂ ನಾನು ತೆಗೆಯುವುದಿಲ್ಲ. ಅದಕ್ಕೆ ಬಾರ್ಬೆರಾ ದ್ರಾಕ್ಷಿಯ ವೈನೇ ಸರಿ.

ಕೊಳ್ಳುವವರಿಗೆ ಒಂದು ಮಾತು. ಹವಾಮಾನ ಸಾಧಾರಣವಾಗಿದ್ದ ವರ್ಷ ಇವರು ರಿಸರ್ವಾ ಮಾಡುವುದೇ ಇಲ್ಲ. ಆ ಒಂಬತ್ತು ತೋಟಗಳ ದ್ರಾಕ್ಷಿಯೂ ಮಾಮೂಲಿ ಬಾರ್ಬರೆಸ್ಕೊಗೇ ಸೇರುತ್ತದೆ. ಅಂಥ ವರ್ಷದ ಬಾಟಲಿ ಕಂಡರೆ ನಾನು ಬಿಡುವುದಿಲ್ಲ.

ಮನೆಗೆ ತಂದರೆ ಹೀಗೆ ಮಾಡಿ. ನಮ್ಮ ಬೇಸಿಗೆಯಲ್ಲಿ ಒಂದೂವರೆ ಗಂಟೆಯಾದರೂ ಫ್ರಿಜ್ಜಿನಲ್ಲಿಡಿ, 16ರಿಂದ 18 ಡಿಗ್ರಿ ಸಾಕು. ಆಮೇಲೆ ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದು ಗಂಟೆ ತಂಪಾದ ಕಡೆ ಬಿಡಿ. ಗುಲಾಬಿ ವಾಸನೆ ಮೇಲೆ ಬರುತ್ತಿದ್ದ ಹಾಗೆ ಒಲೆ ಮೇಲೆ ನೀರಿಡಿ. ಹಸಿ ತಾಯರಿನ್ ಬೇಯಲು ಎರಡು ನಿಮಿಷ ಸಾಕು. ಬೆಣ್ಣೆ ಮಾತ್ರ ಕೈ ಬಿಚ್ಚಿ ಹಾಕಿ.