ಬಡ್ಡಿ ಮ್ಯಾಲೆ ಬದುಕಾಕ ಆಗ್ತೈತಾ?

ಎಲ್ಲರಿಗೂ ನಮಸ್ಕಾರ್ರಿ. ಹಿಂದ ನಿಂತೋರು ಮುಂದ ಬಂದು ಕುಂದ್ರಿ, ಜಾಗ ಐತಿ.

ಹೋದ ತಿಂಗಳು ಒಬ್ಬ ಹುಡುಗ ಗಂಗಾವತಿಯಿಂದ ನಮ್ಮ ಮನಿಗೆ ಬಂದಿದ್ದ. 26 ವರ್ಷ, ತೋರಣಗಲ್ ಕಡೆ ಶಿಫ್ಟ್ ಕೆಲಸ, ಮನಿ ಪಾಲಿನಾಗ 20 ಲಕ್ಷ ಬಂದೈತಿ. "ಸರ್, ನೈಟ್ ಶಿಫ್ಟ್ ಮಾಡಿ ಮಾಡಿ ಸಾಕಾಗೈತ್ರಿ, ಈ ರೊಕ್ಕ ಎಲ್ಲರ ಹಾಕಿ ಅದರ ಮ್ಯಾಲೆ ಬದುಕಬಹುದಾ" ಅಂದ. ಕೂತು ಉಣ್ಣೋನಿಗೆ ಕುಡಿಕಿ ಹೊನ್ನು ಸಾಲದು ಅಂತ ಗಾದೆ ಹೇಳಿ ಕಳಿಸಬಹುದಿತ್ತು, ಆದ್ರ ಅವನ ಕಣ್ಣಾಗಿನ ನಿದ್ದಿ ನೋಡಿ ಮನಸ್ಸು ಬರಲಿಲ್ಲ, ಇಬ್ಬರೂ ಲೆಕ್ಕಕ್ಕ ಕುಂತ್ವಿ.

ಎಫ್‌ಡಿ 7 ಪರ್ಸೆಂಟ್ ಅಂತ ಹಿಡೀರಿ. ವರ್ಷಕ್ಕ 1.4 ಲಕ್ಷ, ತಿಂಗಳಿಗೆ 11,600 ಚಿಲ್ಲರ. ಸ್ವಂತ ಮನಿ ಇದ್ದು ಒಬ್ಬನೇ ಇದ್ರ ಹೆಂಗೋ ನಡೀತೈತಿ ಅನಸ್ತೈತಿ. ಆದ್ರ ಇಲ್ಲೇ ಮುನಿರಾಬಾದಿನ ತುಂಗಭದ್ರಾ ಡ್ಯಾಮ್ ನೋಡ್ರಿ, 1953ರ ಸುಮಾರಿಗೆ ಕಟ್ಟಿದಾಗ ಹತ್ರಹತ್ರ 133 ಟಿಎಂಸಿ ಹಿಡೀತಿತ್ತು, ಈಗ 105 ಚಿಲ್ಲರ. ಕಟ್ಟಿ ಅಷ್ಟೇ ಎತ್ತರ ಐತಿ, ಮ್ಯಾಲಿಂದ ನೋಡಿದ್ರ ತುಂಬಿದಂಗೇ ಕಾಣ್ತೈತಿ, ಕೆಳಗ ಮಾತ್ರ ಹೂಳು. ಬೆಲೆ ಏರಿಕೆ ಅಂದ್ರ ರೊಕ್ಕದ ಹೂಳು. ವರ್ಷಕ್ಕ 6 ಪರ್ಸೆಂಟ್ ಏರಿದ್ರ 12 ವರ್ಷಕ್ಕ ರೇಟು ಡಬಲ್, ಅಂದ್ರ ಇವನಿಗೆ 38 ಆಗೋದ್ರಾಗ ಪಾಸ್‌ಬುಕ್ಕಿನಾಗ ಅದೇ 20 ಲಕ್ಷ ಇರ್ತೈತಿ, ಅಕ್ಕಿ ಚೀಲ ಮಾತ್ರ ಅರ್ಧಕ್ಕರ್ಧ ಬರ್ತಾವ. ಹೂಳು ತುಂಬಬಾರದು ಅಂದ್ರ 7ರಾಗ 6 ಅಲ್ಲೇ ಬಿಡಬೇಕು. ಉಣ್ಣಾಕ ಉಳಿಯೋದು 1, ವರ್ಷಕ್ಕ 20 ಸಾವಿರ. ಹುಡುಗ ಪೆನ್ನು ಕೆಳಗಿಟ್ಟ.

ಹಂಗಾದ್ರ ಶೇರು, ಮ್ಯೂಚುವಲ್ ಫಂಡ್? ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅನ್ನೋರು 1994ರಾಗ ಒಂದು ಲೆಕ್ಕ ಕೊಟ್ರು, ಮೊದಲ ವರ್ಷ ಗಂಟಿನ 4 ಪರ್ಸೆಂಟ್ ತಗೊಂಡು ಆಮ್ಯಾಲೆ ಬೆಲೆ ಏರಿದಂಗ ಏರಿಸ್ತಾ ಹೋದ್ರ 30 ವರ್ಷ ಬರ್ತೈತಿ ಅಂತ. ಅದು ರಿಟೈರ್ ಆದೋರಿಗೆ, ಅಲ್ಲಿನ ಮಾರ್ಕೆಟ್ಟಿಗೆ. ನಮ್ಮ ಹುಡುಗ ಇನ್ನೂ 60 ವರ್ಷ ಬದುಕಬೇಕು, ಮದುವಿ, ಮಕ್ಕಳು, ಅವ್ವನ ಆಸ್ಪತ್ರಿ, ಎಲ್ಲ ಮುಂದ ಐತಿ. ನಾನಾದ್ರ ವರ್ಷಕ್ಕ ಗಂಟಿನ 3 ಪರ್ಸೆಂಟಿಗಿಂತ ಜಾಸ್ತಿ ತಗೋ ಅನ್ನಂಗಿಲ್ಲ. ತಿಂಗಳಿಗೆ 30 ಸಾವಿರ ಬೇಕಂದ್ರ 1.2 ಕೋಟಿ ಗಂಟು ಬೇಕು.

ಇನ್ನೊಂದು, 2008ರ ಜನವರಿಯಾಗ ಶೇರು ಮಾರ್ಕೆಟ್ಟಿನ ಸೂಚ್ಯಂಕ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು, ಅದೇ ವರ್ಷ ಅಕ್ಟೋಬರಿಗೆ 9 ಸಾವಿರದ ಕೆಳಗ ಬಂತು. ಅಂಥಾ ವರ್ಷ ಮನಿ ಖರ್ಚಿಗೆ ಫಂಡಿನ ಯೂನಿಟ್ ಮಾರೋದು ಅಂದ್ರ ಬೀಜದ ಭತ್ತ ಕುಟ್ಟಿ ಅನ್ನ ಮಾಡಿದಂಗ. ಡ್ಯಾಮಿನಾಗ ನೀರು ಕಮ್ಮಿ ಆದ್ರ ಎರಡನೇ ಬೆಳಿಗೆ ಬಿಡಂಗಿಲ್ಲ, ರೈತ ಹೆಂಗೋ ತಡಕೊಂತಾನ. ಬ್ಯಾರೆ ದುಡಿಮಿ ಇಲ್ಲದೋನು ಹೆಂಗ ತಡಕೊಂತಾನ್ರಿ?

ಆಪ್ಷನ್ ಟ್ರೇಡಿಂಗ್, ಅಂದ್ರ ರೇಟು ಏರ್ತೈತೋ ಇಳೀತೈತೋ ಅಂತ ಬಾಜಿ ಕಟ್ಟಿದಂಥಾ ವ್ಯಾಪಾರ, ಅದರ ಬಗ್ಗೆ ಒಂದೇ ಮಾತು ಹೇಳ್ತೀನಿ, ಶೇರು ಮಾರ್ಕೆಟ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಸೆಬಿ 2024ರಾಗ ಮೂರು ವರ್ಷದ ಲೆಕ್ಕ ತೆಗೆದು ನೋಡಿದ್ರ 100 ಜನರಾಗ 93 ಮಂದಿ ಲಾಸ್. ಗೆಳೆಯ ಕಳಿಸೋ ಪ್ರಾಫಿಟ್ ಸ್ಕ್ರೀನ್‌ಶಾಟ್ ನೋಡಿ ಹೊಲದ ರೊಕ್ಕ ಹಾಕಬ್ಯಾಡ್ರಪ್ಪ, ಕೈ ಮುಗೀತೀನಿ.

ಹುಡುಗನಿಗೆ ಪೂರ್ತಿ ಬದುಕು ಇದರ ಮ್ಯಾಲೆ ಆಗಂಗಿಲ್ಲ ಅಂದೆ, ಅವನು ಸುಮ್ಮನ ಕುಂತಿದ್ದ. ಆಮ್ಯಾಲೆ ನೀನು ಬಿಡಬೇಕಂತಿರೋದು ಕೆಲಸಾನೋ ನೈಟ್ ಶಿಫ್ಟೋ ಅಂತ ಕೇಳ್ದೆ. "ನೈಟ್ ಶಿಫ್ಟ್ ರೀ" ಅಂದ. ಕೊಪ್ಪಳದಾಗ ಹಗಲಿನ ಕೆಲಸ ಒಂದು ಐತಂತ, ಸಂಬಳ ತಿಂಗಳಿಗೆ 5 ಸಾವಿರ ಕಮ್ಮಿ ಅಂತ ಬ್ಯಾಡ ಅಂದಿದ್ನಂತ. 20 ಲಕ್ಷದ 3 ಪರ್ಸೆಂಟ್ ತಿಂಗಳಿಗೆ ಎಷ್ಟಾಗ್ತೈತಿ ನೋಡು ಅಂದೆ. ಪೆನ್ನು ತಗೊಂಡು ಅವನೇ ಬರೆದ, ಐದು ಸಾವಿರ. ಮಾರ್ಕೆಟ್ ಬಿದ್ದ ವರ್ಷ ಅದನ್ನೂ ಮುಟ್ಟಬ್ಯಾಡ, ಸಂಬಳದಾಗ ಹೊಂದಿಸ್ಕೋ ಅಂತ ಹೇಳಿ ಕಳಿಸಿದೆ. ಈ ಸೋಮವಾರ ಅಲ್ಲಿ ಸೇರಿಕೊಂಡಾನ.