ಬ್ರೇಕ್ ದೊಡ್ಡದಾಯಿತು, ಪೆಡಲ್ ಮೆತ್ತಗಾಯಿತು

ನಮಸ್ಕಾರ. ನೀವು ನೋಡುತ್ತಿರುವುದು ಪುಣೆಯ ನಮ್ಮ ಸೊಸೈಟಿಯ ಪಾರ್ಕಿಂಗ್. ಸ್ಟ್ಯಾಂಡಿನ ಮೇಲೆ ನಿಂತಿರುವುದು ನಮ್ಮ ಹಳೆಯ ಹ್ಯಾಚ್‌ಬ್ಯಾಕ್, ಸ್ಟೇರಿಂಗಿನ ಹಿಂದೆ ಕುಳಿತಿರುವವನು ನನ್ನ ಅಕ್ಕನ ಮಗ. ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್ ಮತ್ತು ಅದನ್ನು ಪ್ಯಾಡುಗಳ ನಡುವೆ ಹಿಡಿದು ನಿಲ್ಲಿಸುವ ದೊಡ್ಡ ಕ್ಯಾಲಿಪರ್ ಕೂರಿಸಿದ್ದನ್ನು ಹಿಂದಿನ ಭಾಗದಲ್ಲಿ ತೋರಿಸಿದ್ದೇನೆ. ಇಂದಿನ ವಿಷಯ ಒಂದೇ: ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಬ್ರೇಕ್ ಪೆಡಲ್ ಮೊದಲಿಗಿಂತ ಮೆತ್ತಗಾಗಿದೆ. ಅದು ನೆಲಕ್ಕೆ ತಾಗುವುದಿಲ್ಲ ನಿಜ, ಆದರೆ ನೆಲದ ಸಮೀಪಕ್ಕೆ ಹೋದ ಮೇಲಷ್ಟೇ ಹಿಡಿಯುತ್ತದೆ. ಗಾಳಿ ಇಳಿದ ಚೆಂಡನ್ನು ತುಳಿದ ಹಾಗೆ ಪಾದದ ಕೆಳಗೆ ಅಮುಕುತ್ತದೆ.

ಇಂಥ ಪೆಡಲ್ ಕಂಡ ಕೂಡಲೇ ಪಾನಾ ಹಿಡಿದು, ಚಕ್ರದ ಬಳಿ ಬ್ರೇಕಿನ ಗಾಳಿ ಹೊರಬಿಡುವ ಸಣ್ಣ ತಿರುಪಾದ ನಿಪ್ಪಲ್ ಸಡಿಲಿಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಅದಕ್ಕೂ ಮುನ್ನ ಪೆಡಲ್ ಏನು ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಳ್ಳಬೇಕು. ಒಂದೇ ಒತ್ತಡದಲ್ಲಿ ಹಿಡಿದುಕೊಂಡಾಗ ಅದು ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ, ಎಲ್ಲೋ ಆಯಿಲ್ ಸೋರುತ್ತಿದೆ ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲುಗಳು ಸೋತಿವೆ ಎಂದು ತಿಳಿಯಬೇಕು. ಗಟ್ಟಿಯಾಗಿಯೇ ಇದ್ದು ಬಹಳ ಕೆಳಗೆ ಹಿಡಿದರೆ ಗಾಳಿಗಿಂತ ಮೊದಲು ಎಲ್ಲೋ ಅಂತರ ಹೆಚ್ಚಾಗಿರುವುದನ್ನು ಶಂಕಿಸಬೇಕು. ಸ್ಪಂಜಿನಂತೆ ಅಮುಕಿ, ಪಟಪಟನೆ ಒತ್ತಿದಾಗ ಮೇಲೇರಿ ಗಟ್ಟಿಯಾದರೆ ಗಾಳಿ ಸಿಕ್ಕಿಕೊಂಡಿರುವುದು ಬಹುಮಟ್ಟಿಗೆ ಖಚಿತ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲ ಪ್ಯಾಡನ್ನು ತಲುಪುವ ಬದಲು ಆ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿದುಹೋಗುತ್ತದೆ. ಇನ್ನು ಪೆಡಲ್ ಒತ್ತಿಕೊಂಡು ಎಂಜಿನ್ ಶುರುಮಾಡಿದಾಗ ಅದು ತುಸು ಕೆಳಗಿಳಿಯುವುದು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿರುವುದರ ಲಕ್ಷಣವೇ ಹೊರತು ದೋಷವಲ್ಲ.

ನಮ್ಮ ಪೆಡಲಿನಲ್ಲಿ ಎರಡು ಕಾಯಿಲೆಗಳು ಬೆರೆತಿವೆ: ಅದು ಅಮುಕುತ್ತದೆ, ಕೆಳಗೂ ಹೋಗುತ್ತದೆ. ಕೆಳಗೆ ಹೋಗುವುದಕ್ಕೆ ಲೆಕ್ಕ ಸಿಗುತ್ತದೆ. ಹಳೆಯ ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ 48 ಮಿಲಿಮೀಟರ್, ಹೊಸದರದ್ದು 54. ವ್ಯಾಸದಲ್ಲಿ ಆರೇ ಮಿಲಿಮೀಟರ್ ಹೆಚ್ಚಳ ಅನ್ನಿಸಿದರೂ ವಿಸ್ತೀರ್ಣ ಸುಮಾರು 27 ಪ್ರತಿಶತ ಹೆಚ್ಚುತ್ತದೆ. ಪಿಸ್ಟನ್ ಅಷ್ಟೇ ದೂರ ಸರಿಯಬೇಕಾದರೂ ಅಷ್ಟು ಹೆಚ್ಚು ಆಯಿಲನ್ನು ಹಳೆಯ ಮಾಸ್ಟರ್ ಸಿಲಿಂಡರೇ ತಳ್ಳಬೇಕು, ಆದ್ದರಿಂದ ಪೆಡಲಿನ ಓಟ ಉದ್ದವಾಗುತ್ತದೆ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಓಟ ಕಡಿಮೆಯಾದೀತು, ಆದರೆ ಕಾಲಿಗೆ ಹೆಚ್ಚು ಬಲ ಬೇಕಾಗುತ್ತದೆ. ಹಾಗಿದ್ದರೂ ಅದನ್ನು ಬದಲಿಸಲೇಬೇಕು ಎಂಬುದು ಸದ್ಯಕ್ಕೆ ನನ್ನ ಅಭಿಪ್ರಾಯ.

ಈ ದೃಶ್ಯದಲ್ಲಿ ಕಾಣುವ ಬಾಟಲಿಯ ಬಗ್ಗೆ ಒಂದು ಮಾತು. ನಾನಾ ಪೇಠೆಯ ಒಂದು ಅಂಗಡಿಯಲ್ಲಿ ಸೀಲ್ ಒಡೆದ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಾಟಲಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಮುಂದೆ ಮಾಡಿದರು. ಬೇಡವೆಂದಾಗ "ಕಾಹೀ ಹೋತ್ ನಾಹೀ" ಎಂಬ ಸಮಾಧಾನವನ್ನೂ ಪುಕ್ಕಟೆಯಾಗಿ ಕೊಟ್ಟರು. ಏನೂ ಆಗುವುದಿಲ್ಲ ಎನ್ನುವುದು ಸುಳ್ಳು. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪುಣೆಯ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಆಯಿಲಿಗೆ ಆ ಮಿತಿ 155 ಮಾತ್ರ. ಲೋಣಾವಳಾದಿಂದ ಖೋಪೋಲಿಯ ಕಡೆಗೆ ಘಾಟ್ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಅರ್ಥವಾದೀತು, ಏಕೆಂದರೆ ಕುದ್ದ ಆಯಿಲ್ ಆವಿಯಾದರೆ ಆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ.

ಈಗ ಬ್ಲೀಡಿಂಗ್, ಅಂದರೆ ಆಯಿಲಿನೊಂದಿಗೆ ಗಾಳಿಯನ್ನು ಹೊರತೆಗೆಯುವ ಕೆಲಸ. ಅಮೆರಿಕದ ವಿಡಿಯೊಗಳಲ್ಲಿ ಹಿಂದಿನ ಬಲ ಚಕ್ರದಿಂದ ಆರಂಭಿಸುತ್ತಾರೆ, ಏಕೆಂದರೆ ಅಲ್ಲಿ ಸ್ಟೇರಿಂಗ್ ಎಡಕ್ಕಿದ್ದು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಅದೇ ಆಗಿರುತ್ತದೆ. ನಮ್ಮ ಕಾರುಗಳಲ್ಲಿ ದೂರದ್ದು ಹಿಂದಿನ ಎಡ ಚಕ್ರ. ಆಯಿಲಿನ ಎರಡು ಸರ್ಕ್ಯೂಟುಗಳು ಅಡ್ಡಡ್ಡವಾಗಿ, ಒಂದು ಮುಂದಿನ ಚಕ್ರ ಮತ್ತು ಎದುರು ಬದಿಯ ಹಿಂದಿನ ಚಕ್ರ ಎಂಬಂತೆ, ಹಂಚಿಹೋಗಿರುವ ಕಾರುಗಳೂ ಇರುವುದರಿಂದ ಕೈಪಿಡಿಯಲ್ಲಿ ಕೊಟ್ಟ ಕ್ರಮವೇ ಅಂತಿಮ. ಹುಡುಗನಿಗೆ ನಾನು "ಸಾವಕಾಶ ಒತ್ತಪಾ, ಪೂರಾ ಕೆಳಗ ತುಳೀಬ್ಯಾಡ" ಎನ್ನುತ್ತಿರುವುದಕ್ಕೆ ಕಾರಣವಿದೆ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಸೀಲುಗಳು ದಿನನಿತ್ಯ ಓಡಾಡದ ಕೊನೆಯ ಭಾಗ ತುಕ್ಕು ಹಿಡಿದು ಒರಟಾಗಿರಬಹುದು, ಪೆಡಲನ್ನು ನೆಲದವರೆಗೆ ತುಳಿದರೆ ಸೀಲುಗಳು ಅಲ್ಲಿ ಉಜ್ಜಿ ಹಾಳಾಗುತ್ತವೆ. ಪೆಡಲಿನ ಕೆಳಗೆ ಮರದ ತುಂಡು ಇಟ್ಟಿರುವುದು ಅದಕ್ಕಾಗಿಯೇ.

ನಾಲ್ಕೂ ಚಕ್ರಗಳಲ್ಲಿ ಗುಳ್ಳೆ ಬರುವುದು ನಿಂತಿತು. ಆದರೂ ಒಳಗಿನಿಂದ "ಮಾಮಾ, ಮತ್ತ ಕೆಳಗ ಹೋತು" ಎಂಬ ಅದೇ ವರದಿ. ಕೈಪಂಪಿನಿಂದ ಎಳೆದು ನೋಡಿದರೆ ನಳಿಕೆಯ ತುಂಬ ಗುಳ್ಳೆಗಳು ಬಂದವು. ಅವು ಬಹುಪಾಲು ನಿಪ್ಪಲಿನ ಥ್ರೆಡ್ಡಿನ ಸಂದಿಯಿಂದ ಒಳಬಂದ ಹೊರಗಿನ ಗಾಳಿ. ಆ ಪಂಪು ನಂಬಿಕೆಗೆ ಯೋಗ್ಯವಲ್ಲ ಎಂದು ಬದಿಗಿಟ್ಟೆ.

ಆಮೇಲೆ ಮುಂದಿನ ಎರಡೂ ರಬ್ಬರ್ ಹೋಸುಗಳನ್ನು ನುಣುಪು ಬಾಯಿಯ ಹೋಸ್ ಕ್ಲ್ಯಾಂಪಿನಿಂದ ಹಗುರವಾಗಿ ಬಿಗಿದಾಗ ಪೆಡಲ್ ಕಲ್ಲಿನಂತಾಯಿತು. ಅಂದರೆ ಮಾಸ್ಟರ್ ಸಿಲಿಂಡರ್ ನಿರಪರಾಧಿ. ಅದನ್ನು ಬದಲಿಸಲೇಬೇಕು ಎಂದು ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಅಮುಕುವ ದೋಷ ಕ್ಲ್ಯಾಂಪಿನಿಂದ ಆಚೆಗೆ, ಹೊಸ ಕ್ಯಾಲಿಪರುಗಳಲ್ಲಿದೆ.

ಕ್ಯಾಮೆರಾ ಹತ್ತಿರ ತಂದಿದ್ದೇನೆ, ಈ ಕೋನವನ್ನು ಗಮನಿಸಿ. ಕ್ಯಾಲಿಪರ್ ಬೇರೆ ಮಾದರಿಯ ಕಾರಿನದು. ಅದನ್ನು ನಮ್ಮ ಕಾರಿಗೆ ಕೂರಿಸಲು ಕಿಟ್ಟಿನವರು ಒಂದು ಬ್ರಾಕೆಟ್ ಕೊಟ್ಟಿದ್ದಾರೆ. ಆ ಬ್ರಾಕೆಟ್ ಕ್ಯಾಲಿಪರನ್ನು ಅದರ ಸಹಜ ಸ್ಥಾನಕ್ಕಿಂತ ಓರೆಯಾಗಿ ಹಿಡಿದಿದೆ. ಪರಿಣಾಮವಾಗಿ ನಿಪ್ಪಲ್ ಮೇಲ್ಭಾಗದಲ್ಲಿ ಇರುವಂತೆ ಕಂಡರೂ ಪಿಸ್ಟನ್ ಕೋಣೆಯ ಅತ್ಯಂತ ಎತ್ತರದ ಜಾಗ ಅದರಿಂದ ಒಂದೂವರೆ ಬೆರಳಿನಷ್ಟು ಆಚೆಗೆ ಸರಿದಿದೆ. ಗಾಳಿ ಯಾವಾಗಲೂ ಎತ್ತರಕ್ಕೆ ಹೋಗಿ ಕೂರುತ್ತದೆ, ಆಯಿಲ್ ಅದರ ಕೆಳಗಿನಿಂದಲೇ ಹಾದು ನಿಪ್ಪಲಿನ ಮೂಲಕ ಹೊರಬರುತ್ತದೆ. ಇನ್ನೂ ಹತ್ತು ಬಾಟಲಿ ಸುರಿದರೂ ನಳಿಕೆಯಲ್ಲಿ ಬರುವುದು ಶುದ್ಧ ಆಯಿಲೇ. ಎಡಬಲ ಬ್ರಾಕೆಟ್ಟುಗಳು ಕನ್ನಡಿಯ ಪ್ರತಿಬಿಂಬದಂತೆ ಇರುವುದರಿಂದ ಎರಡೂ ಕಡೆ ಇದೇ ಕಥೆ. ಕಿಟ್ ಮಾರಿದವರಿಗೆ ಫೋಟೊ ಕಳುಹಿಸಿ ಕೇಳಿದರೆ ಎಲ್ಲರೂ ಹೀಗೆಯೇ ಹಾಕಿಕೊಳ್ಳುತ್ತಾರೆ, ಓಡಿಸಿದ ಹಾಗೆ ಸರಿಹೋಗುತ್ತದೆ ಎಂಬ ಉತ್ತರ ಬಂತು. ಬ್ರೇಕಿನ ಒಳಗಿನ ಗಾಳಿ ಓಡಿಸಿದ ಹಾಗೆ ಎಲ್ಲಿಗೆ ಹೋಗುತ್ತದೆ ಎಂದು ಮರಳಿ ಕೇಳಿದೆ, ಉತ್ತರವಿಲ್ಲ. ಇಷ್ಟು ಹಣ ಪಡೆದು, ಕಬ್ಬಿಣದ ಒಂದು ತುಂಡಿನಲ್ಲಿ ತೂತುಗಳನ್ನು ಎಲ್ಲಿ ಕೊರೆಯಬೇಕೆಂದು ಯೋಚಿಸದೆ ಮಾರುವುದು ಶುದ್ಧ ಬೇಜವಾಬ್ದಾರಿತನ. ಕಬ್ಬಿಣ ಗಟ್ಟಿಯಾಗಿದೆ, ಫಿನಿಶಿಂಗ್ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬ್ರೇಕನ್ನು ಯಾರೂ ಫಿನಿಶಿಂಗ್ ನೋಡಿ ಕೊಳ್ಳುವುದಿಲ್ಲ.

ಪರಿಹಾರ ಸರಳ. ಹೋಸ್ ಬಿಚ್ಚದೆ ಕ್ಯಾಲಿಪರನ್ನು ಮಾತ್ರ ಬ್ರಾಕೆಟ್ಟಿನಿಂದ ತೆಗೆದು, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡನ್ನು ಸಿಕ್ಕಿಸಿದ್ದೇನೆ. ಅದಿಲ್ಲದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೇ ಜಿಗಿದುಬಿಡುತ್ತದೆ. ನಿಪ್ಪಲ್ ನೆಟ್ಟಗೆ ಆಕಾಶ ನೋಡುವಂತೆ ಕ್ಯಾಲಿಪರನ್ನು ತಿರುಗಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಈಗ ನಿಪ್ಪಲನ್ನು ಸಡಿಲಿಸುತ್ತಿದ್ದೇನೆ. ನಳಿಕೆಯನ್ನು ನೋಡಿ: ಮೊದಲು ಆಯಿಲ್, ನಂತರ ಹೆಬ್ಬೆರಳ ಉಗುರಿನಷ್ಟು ಉದ್ದದ ಒಂದು ಖಾಲಿ ಜಾಗ, ಅದರ ಬೆನ್ನಿಗೇ ಸಾಸಿವೆಯಂಥ ಗುಳ್ಳೆಗಳ ಸಾಲು. ಅಷ್ಟೇ ಗಾಳಿ ನಮ್ಮನ್ನು ಇಡೀ ದಿನ ಕುಣಿಸಿದ್ದು. ಚೆಲ್ಲಿದ ಆಯಿಲ್ ಬಣ್ಣವನ್ನು ಕರಗಿಸುವುದರಿಂದ ಬಂಪರಿನ ಮೇಲೆ ಕೂಡಲೇ ನೀರು ಸುರಿದಿದ್ದೇನೆ.

ಪೆಡಲ್ ಗಟ್ಟಿಯಾಯಿತು, ಆದರೆ ಇನ್ನೂ ತುಸು ಕೆಳಗೆ ಹಿಡಿಯುತ್ತಿತ್ತು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳಲ್ಲಿ, ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುವ ಶೂಗಳು ದೂರ ನಿಂತಿದ್ದವು. ಅಡ್ಜಸ್ಟರ್ ತಿರುಗಿಸಿ, ಡ್ರಮ್ಮಿಗೆ ಸವರಿದ ಸದ್ದಷ್ಟೇ ಕೇಳುವಂತೆ ಹತ್ತಿರ ತಂದೆ. ಉಳಿದಿರುವ ಓಟ ದೊಡ್ಡ ಪಿಸ್ಟನ್ನಿನ ಲೆಕ್ಕಕ್ಕೆ ಸೇರಿದ್ದು, ಅದರೊಂದಿಗೆ ಬದುಕಬಹುದು.

ಈಗ ಸೊಸೈಟಿಯ ಒಳರಸ್ತೆಯಲ್ಲಿ, ಕೈಬ್ರೇಕಿನ ಮೇಲೆ ಒಂದು ಕೈ ಇಟ್ಟುಕೊಂಡು, ನಡಿಗೆಯ ವೇಗದಲ್ಲಿ ಪರೀಕ್ಷಿಸುತ್ತಿದ್ದೇನೆ. ಎರಡನೆಯ ಬಾರಿ ಒತ್ತುವ ಅಗತ್ಯವಿಲ್ಲದೆ ಕಾರು ನಿಂತಿತು. ಬ್ರಾಕೆಟ್ಟನ್ನು ಭೋಸರಿಯ ಲೇತ್ ವರ್ಕ್‌ಶಾಪಿನಲ್ಲಿ ಸರಿಯಾದ ಕೋನಕ್ಕೆ ಹೊಸದಾಗಿ ಮಾಡಿಸುತ್ತೇನೆ, ಇಲ್ಲವಾದರೆ ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಕ್ಯಾಲಿಪರ್ ಬಿಚ್ಚಬೇಕಾಗುತ್ತದೆ. ಹೊಸ ಪ್ಯಾಡುಗಳನ್ನು ಹದಗೊಳಿಸುವ ಕೆಲಸ ಮುಂದಿನ ಭಾಗದಲ್ಲಿ. ಸೊಸೈಟಿಯ ವಾಚ್‌ಮನ್ ಜ್ಯಾಕ್ ತೆಗೆಯಿರಿ ಎಂದು ಈ ಕಡೆಗೇ ಬರುತ್ತಿದ್ದಾರೆ, ಕ್ಯಾಮೆರಾ ನಿಲ್ಲಿಸುತ್ತೇನೆ.