ಫೈಲು ತನ್ನ ಜಾಗ ಸೇರುವ ತನಕ

(ಹಾಸನದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಹಾಸನದವರಿಗೆ ಈ ವಿಷಯ ಹೊಸದಲ್ಲ. ನಮ್ಮ ಸಂಪರ್ಕ ಉಪಗ್ರಹಗಳು ಹೆಚ್ಚಾಗಿ ಹಾರುವುದು ಶ್ರೀಹರಿಕೋಟದಿಂದ, ಇಲ್ಲವೇ ಫ್ರೆಂಚ್ ಗಯಾನಾದ ಕೌರುವಿನಿಂದ. ಟಿ.ವಿ.ಯಲ್ಲಿ ತೋರಿಸುವುದೂ ಆ ಹೊಗೆ, ಆ ಬೆಂಕಿಯನ್ನೇ. ಆದರೆ ರಾಕೆಟ್ ಉಪಗ್ರಹವನ್ನು ಬಿಟ್ಟುಹೋಗುವುದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ. ಅಲ್ಲಿಂದ ಹಂತ ಹಂತವಾಗಿ ಮೇಲಕ್ಕೆತ್ತಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ಜಾಗದಲ್ಲಿ ಕೂರಿಸುವ ಕೆಲಸಕ್ಕೆ 1982ರಲ್ಲಿ ಕೇಂದ್ರ ಶುರುವಾದದ್ದು ನಮ್ಮ ಊರಿನಲ್ಲಿ. ಜಾಗ ಸೇರದ ಉಪಗ್ರಹ ಎಷ್ಟೇ ಚೆನ್ನಾಗಿ ತಯಾರಾಗಿದ್ದರೂ ಯಾರ ಮನೆಗೂ ಸಿಗ್ನಲ್ ಕೊಡುವುದಿಲ್ಲ.

ಸಾಫ್ಟ್‌ವೇರ್ ಪ್ಯಾಕೇಜಿನಲ್ಲಿ, ಅಂದರೆ ಒಂದು ಪ್ರೋಗ್ರಾಂಗೆ ಬೇಕಾದ ಫೈಲುಗಳ ಕಟ್ಟಿನಲ್ಲಿ, ಫೈಲುಗಳನ್ನು ಹೀಗೆ ಜಾಗ ಸೇರಿಸುವ ಹಂತಕ್ಕೆ ಇನ್‌ಸ್ಟಾಲ್ ಅನ್ನುತ್ತೇವೆ. ನಾನು ಇವತ್ತು ಮಾತಾಡುವುದು ಅದೊಂದರ ಬಗ್ಗೆ ಮಾತ್ರ. ಕೋಡ್ ಬರೆಯುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಬಿಲ್ಡ್, ಅಂದರೆ ಆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವುದರ ಬಗ್ಗೆಯೂ ಒಂದಿಷ್ಟು ಮಾತಾಡುತ್ತಾರೆ. ಇನ್‌ಸ್ಟಾಲ್ ಹಂತವನ್ನು ಮಾತ್ರ ಒಮ್ಮೆ ಬರೆದು ಮರೆತುಬಿಡುತ್ತಾರೆ. ನನ್ನ ಮಾತು ಇಷ್ಟೇ: ಆ ಹಂತವನ್ನೂ ಪ್ರತಿ ಬಿಡುಗಡೆಗೆ ಯಾರಾದರೂ ಕೂತು ನೋಡಬೇಕು. ಯಾಕೆಂದರೆ ಅಲ್ಲಿ ಆಗುವ ತಪ್ಪು ಕೂಗಿ ಹೇಳುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಲಿನಕ್ಸ್‌ಗೆ ಒಂದು ಕನ್ನಡ ನಿಘಂಟು ಪ್ರೋಗ್ರಾಂ ಬರೆದಿದ್ದೀರಿ. ಬಿಲ್ಡ್ ಮುಗಿದ ಮೇಲೆ ಕೈಗೆ ಬಂದದ್ದು ಏನು? ಓಡುವ ಪ್ರೋಗ್ರಾಂ ಒಂದು, ಪದಗಳ ದತ್ತಾಂಶದ ಫೈಲು, ಮ್ಯಾನ್ ಪೇಜು ಎಂಬ ಕೈಪಿಡಿ, ಐಕಾನು, ಮೆನುವಿನಲ್ಲಿ ಕಾಣಿಸಲು ಬೇಕಾದ ಡೆಸ್ಕ್‌ಟಾಪ್ ಫೈಲು. ಇದರ ಜೊತೆ ಗುಂಡಿ, ಮೆನುಗಳ ಕನ್ನಡ ಅನುವಾದ. ಈ ಅನುವಾದವನ್ನು ಪಿಒ ಫೈಲಿನಲ್ಲಿ ಬರೆದಿರುತ್ತೀರಿ, ಬಿಲ್ಡ್ ಅದನ್ನು ಪ್ರೋಗ್ರಾಂ ಓದುವ ಎಂಒ ಫೈಲಾಗಿ ಮಾಡುತ್ತದೆ. ಅದು ಹೋಗಿ ಕೂರಬೇಕಾದ ಜಾಗ ಶೇರ್ ಒಳಗಿನ ಲೊಕೇಲ್, ಅದರೊಳಗೆ ಕನ್ನಡದ ಸಂಕೇತವಾದ ಕೆಎನ್, ಅದರೊಳಗೆ ಎಲ್‌ಸಿ ಮೆಸೇಜಸ್ ಎಂಬ ಫೋಲ್ಡರು.

ಈಗ ಗಮನವಿಟ್ಟು ನೋಡಿ. ಇನ್‌ಸ್ಟಾಲ್ ನಿಯಮ ಬರೆದವರು ಸುಮ್ನೆ ಸಿಪಿ ಕಮಾಂಡ್ ಹಾಕಿ, ಆ ಎಂಒ ಫೈಲನ್ನು ಎಲ್‌ಸಿ ಮೆಸೇಜಸ್‌ಗೆ ಕಾಪಿ ಮಾಡು ಎಂದಿದ್ದಾರೆ. ಅವರ ಯಂತ್ರದಲ್ಲಿ ಆ ಫೋಲ್ಡರ್ ಮೊದಲೇ ಇತ್ತು, ಫೈಲು ಅದರೊಳಗೆ ಹೋಯಿತು. ಇನ್ನೊಬ್ಬರ ಯಂತ್ರದಲ್ಲಿ ಕೆಎನ್ ತನಕ ಇದೆ, ಎಲ್‌ಸಿ ಮೆಸೇಜಸ್ ಫೋಲ್ಡರ್ ಇಲ್ಲ. ಆಗ ಸಿಪಿ ತಕರಾರು ಮಾಡುವುದಿಲ್ಲ. ಎಲ್‌ಸಿ ಮೆಸೇಜಸ್ ಎಂಬ ಹೆಸರಿನ ಒಂದು ಫೈಲನ್ನೇ ಸೃಷ್ಟಿಸಿ, ಅದರಲ್ಲಿ ಅನುವಾದ ತುಂಬಿ, ಕೆಲಸ ಆಯಿತು ಎಂದು ವಾಪಸ್ ಬರುತ್ತದೆ. ಪ್ರೋಗ್ರಾಂ ಓಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಅನುವಾದ ಸಿಗದಿದ್ದರೆ ಮೂಲದಲ್ಲಿದ್ದ ಇಂಗ್ಲಿಷನ್ನೇ ತೋರಿಸುವುದು ಅನುವಾದ ಹುಡುಕಿಕೊಡುವ ಗೆಟ್‌ಟೆಕ್ಸ್ಟ್‌ನ ಪದ್ಧತಿ, ಹಾಗೇ ತೋರಿಸುತ್ತದೆ. ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ ಕನ್ನಡ ಅನುವಾದ ಡಿಸ್ಕಿನಲ್ಲಿದೆ, ಪರದೆಗೆ ಬರುವುದಿಲ್ಲ. ಬಳಸುವವರು ಏನಂದುಕೊಳ್ಳುತ್ತಾರೆ? ಇದಕ್ಕೆ ಕನ್ನಡ ಬೆಂಬಲ ಇಲ್ಲ ಅಂತ. ದೂರು ಕೂಡ ಬರುವುದಿಲ್ಲ. ನನಗೆ ತುಂಬಾ ಬೇಸರ ತರಿಸುವುದು ಇದೇ. ಜಾಸ್ತಿ ಜನ ಬಳಸುವ ಭಾಷೆಯಲ್ಲಿ ಹೀಗಾದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ, ನಮ್ಮದರಲ್ಲಿ ವರ್ಷಗಟ್ಟಲೆ ಹಾಗೇ ಉಳಿಯಬಹುದು.

ಇದಕ್ಕೆ ಮದ್ದು ಕಷ್ಟದ್ದಲ್ಲ. ಯುನಿಕ್ಸ್‌ನಲ್ಲಿ ಇನ್‌ಸ್ಟಾಲ್ ಎಂಬ ಹೆಸರಿನದ್ದೇ ಒಂದು ಕಮಾಂಡ್ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಇನ್‌ಸ್ಟಾಲ್‌ಗೆ ದೊಡ್ಡ ಡಿ ಆಯ್ಕೆ ಕೊಟ್ಟು, ಸೇರಬೇಕಾದ ಫೈಲಿನ ಪೂರ್ತಿ ಹೆಸರು ಬರೆದರೆ, ನಡುವೆ ಬೇಕಾದ ಫೋಲ್ಡರ್‌ಗಳನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಫೈಲಿನ ಅನುಮತಿಯನ್ನೂ ಅಲ್ಲೇ ಹೇಳಬಹುದು. ಪ್ರೋಗ್ರಾಂಗೆ 755 (ಎಲ್ಲರೂ ಓದಬಹುದು, ಓಡಿಸಬಹುದು), ದತ್ತಾಂಶಕ್ಕೆ 644 (ಎಲ್ಲರೂ ಓದಬಹುದು). ಇದನ್ನು ಹೇಳದೆ ಸುಮ್ನೆ ಸಿಪಿ ಮಾಡಿಬಿಟ್ಟರೆ ಏನಾಗಬಹುದು ಗೊತ್ತಾ? ಬಿಲ್ಡ್ ಮಾಡಿದವರ ಖಾತೆಯಲ್ಲಿ ಯೂಮಾಸ್ಕ್, ಅಂದರೆ ಹೊಸ ಫೈಲಿಗೆ ಕೊಡಬಾರದ ಅನುಮತಿಗಳ ಸೆಟ್ಟಿಂಗ್, 077 ಇದ್ದರೆ, ಪದಗಳ ಫೈಲು 600 ಆಗಿ, ಒಡೆಯರು ಮಾತ್ರ ಓದುವ ಹಾಗೆ ಹುಟ್ಟುತ್ತದೆ. ಅನುಮತಿ ಸಮೇತ ಕಾಪಿ ಆದರೆ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರದ ಖಾತೆ, ಮಾತ್ರ ಓದಬಲ್ಲ ಫೈಲಾಗಿ ಹೋಗಿ ಕೂರುತ್ತದೆ. ಲ್ಯಾಬಿನ ವಿದ್ಯಾರ್ಥಿ ತನ್ನ ಖಾತೆಯಿಂದ ನಿಘಂಟು ತೆರೆದರೆ ಒಂದೂ ಪದ ಇಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಸಿಪಿ ಹಳೆಯ ಫೈಲಿನ ಮೇಲೆಯೇ ಬರೆಯುತ್ತದೆ. ಗ್ನೂ ಇನ್‌ಸ್ಟಾಲ್ ಹಳೆಯದನ್ನು ತೆಗೆದು ಹೊಸ ಫೈಲು ಇಡುತ್ತದೆ. ಆ ಹೊತ್ತಿಗೆ ಹಳೆಯ ಲೈಬ್ರರಿಯನ್ನು (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಫೈಲನ್ನು) ಬಳಸುತ್ತಿದ್ದ ಪ್ರೋಗ್ರಾಂ ಇದ್ದರೆ, ಅದು ಹಳೆಯದನ್ನೇ ಹಿಡಿದುಕೊಂಡು ನೆಮ್ಮದಿಯಾಗಿ ಓಡುತ್ತದೆ. ಸಿಪಿ ಮಾಡಿದ್ದರೆ ಓಡುತ್ತಿದ್ದ ಪ್ರೋಗ್ರಾಂ ಕಾಲಡಿಯ ನೆಲವೇ ಬದಲಾಗಿ ಕುಸಿದುಬೀಳಬಹುದು.

ಈಗ ಎರಡು ವಿಳಾಸಗಳ ಮಾತು. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಪ್ರಿಫಿಕ್ಸ್, ಇನ್ನೊಂದು ಡೆಸ್ಟ್‌ಡಿರ್. ಪ್ರಿಫಿಕ್ಸ್ ಎಂದರೆ ಫೈಲು ಕೊನೆಗೆ ಇರುವ ಜಾಗ. ಕೈಯಾರೆ ಹಾಕಿದರೆ /ಯುಎಸ್‌ಆರ್/ಲೋಕಲ್, ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಯವರು ಪ್ಯಾಕೇಜ್ ಮಾಡಿದರೆ /ಯುಎಸ್‌ಆರ್. ಈ ವಿಳಾಸ ಪ್ರೋಗ್ರಾಂ ಒಳಗೇ ಬರೆದಿರುತ್ತದೆ, ನಮ್ಮ ನಿಘಂಟು ತನ್ನ ಅನುವಾದವನ್ನು ಹುಡುಕುವುದೂ ಅದರ ಪ್ರಕಾರವೇ. ಡೆಸ್ಟ್‌ಡಿರ್ ಎಂದರೆ ಪ್ಯಾಕೇಜ್ ಕಟ್ಟುವ ಹೊತ್ತಿಗೆ ಮಾತ್ರ ಬಳಸುವ ತಾತ್ಕಾಲಿಕ ಜಾಗ. ಫೈಲುಗಳೆಲ್ಲ ಅಲ್ಲಿ ಇಳಿಯುತ್ತವೆ. ಅಲ್ಲಿಂದ ಪ್ಯಾಕೇಜ್ ಕಟ್ಟುತ್ತಾರೆ, ಆಮೇಲೆ ಆ ಫೋಲ್ಡರನ್ನು ಅಳಿಸುತ್ತಾರೆ. ಅದರ ಹೆಸರು ಯಾವ ಫೈಲಿನೊಳಗೂ ಉಳಿಯಬಾರದು.

ಕೆಲವರು ಡೆಸ್ಟ್‌ಡಿರ್ ಇಲ್ಲದ ಮೇಕ್‌ಫೈಲ್ (ಬಿಲ್ಡ್, ಇನ್‌ಸ್ಟಾಲ್ ನಿಯಮಗಳ ಫೈಲು) ಸಿಕ್ಕಿದಾಗ ಪ್ರಿಫಿಕ್ಸನ್ನೇ ತಾತ್ಕಾಲಿಕ ಜಾಗಕ್ಕೆ ತಿರುಗಿಸುತ್ತಾರೆ. ಅಲ್ಲೇ ಎಡವಟ್ಟು ಶುರು. ಸ್ಕ್ರಿಪ್ಟ್‌ಗಳಲ್ಲಿ, ಲೈಬ್ರರಿ ಎಲ್ಲಿದೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್ ಫೈಲುಗಳಲ್ಲಿ ಆ ತಾತ್ಕಾಲಿಕ ದಾರಿ ಸೇರಿಕೊಂಡು, ಬಳಸುವವರ ಯಂತ್ರದಲ್ಲಿ ಇಲ್ಲದ ಜಾಗವನ್ನು ಹುಡುಕುತ್ತದೆ. ಫೆಡೋರಾ ಬಳಸುವ ಪ್ಯಾಕೇಜ್ ಸಾಧನ ಆರ್‌ಪಿಎಂ ಜೊತೆ ಬರುವ ಚೆಕ್-ಬಿಲ್ಡ್‌ರೂಟ್ ಎಂಬ ಪುಟ್ಟ ಸ್ಕ್ರಿಪ್ಟ್ ಇದನ್ನೇ ಪರೀಕ್ಷೆ ಮಾಡುತ್ತದೆ. ತಾತ್ಕಾಲಿಕ ದಾರಿ ಎಲ್ಲಾದರೂ ಕಂಡರೆ ಪ್ಯಾಕೇಜ್ ಕಟ್ಟುವುದನ್ನೇ ನಿಲ್ಲಿಸುತ್ತದೆ. ನಿಮ್ಮ ಯೋಜನೆಗೆ ನೀವೂ ಒಂದು ಗ್ರೆಪ್ ಹುಡುಕಾಟ ಬರೆದುಕೊಳ್ಳಬಹುದು, ಒಂದೇ ಸಾಲು.

ಲೈಬ್ರರಿ ಇಡುವ ಜಾಗವೂ ಎಲ್ಲ ಕಡೆ ಒಂದೇ ಅಲ್ಲ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಕ್ಕೆ ಫೆಡೋರಾದಲ್ಲಿ ಲಿಬ್64, ಡೆಬಿಯನ್‌ನಲ್ಲಿ ಲಿಬ್ ಒಳಗೆ ಎಕ್ಸ್86_64 ಎಂದು ಶುರುವಾಗುವ ಫೋಲ್ಡರು. ಆದ್ದರಿಂದ ಲಿಬ್ ಎಂದು ನೇರವಾಗಿ ಬರೆಯದೆ ಲಿಬ್‌ಡಿರ್ ಎಂಬ ಹೆಸರನ್ನೇ ಬಳಸಿ. ಆಟೋಟೂಲ್ಸ್, ಸಿಮೇಕ್, ಮೆಸಾನ್ ಎಂಬ ಮೂರು ಬಿಲ್ಡ್ ಸಾಧನಗಳಲ್ಲೂ ಇದಕ್ಕೆ ದಾರಿ ಇದೆ.

ಇನ್‌ಸ್ಟಾಲ್ ಹಂತದಲ್ಲಿ ಏನೇನು ಇರಬಾರದು ಎನ್ನುವುದೂ ಮುಖ್ಯ. ಕಂಪೈಲ್ ಇರಬಾರದು. ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವುದು ಇರಬಾರದು. ಕೈಯಾರೆ ಹಾಕುವವರು ಸಾಮಾನ್ಯವಾಗಿ ರೂಟ್ ಅಧಿಕಾರ ಕೊಡುವುದು ಈ ಹಂತಕ್ಕೆ ಮಾತ್ರ. ಆಗ ಕಂಪೈಲ್ ಆದರೆ, ನಿಮ್ಮದೇ ಸೋರ್ಸ್ ಫೋಲ್ಡರಿನಲ್ಲಿ ರೂಟ್ ಒಡೆತನದ ಫೈಲುಗಳು ಉಳಿದು, ಮುಂದಿನ ಸಲ ಮೇಕ್ ಕೊಟ್ಟಾಗ ಅನುಮತಿ ಇಲ್ಲ ಎಂದು ನಿಲ್ಲುತ್ತದೆ. ಆ ಅಧಿಕಾರ ಇನ್ನೂ ಏನು ಮಾಡಬಹುದು ಎನ್ನುವುದಕ್ಕೆ 2011ರ ಬಂಬಲ್‌ಬೀ ಯೋಜನೆಯ ಘಟನೆ ಎಲ್ಲರಿಗೂ ಗೊತ್ತಿರಬೇಕು. ಲ್ಯಾಪ್‌ಟಾಪಿನ ಎನ್‌ವಿಡಿಯಾ ಗ್ರಾಫಿಕ್ಸ್‌ಗೆ ಸಂಬಂಧಿಸಿದ ಪ್ಯಾಕೇಜು ಅದು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟ್ /ಯುಎಸ್‌ಆರ್/ಲಿಬ್ ಒಳಗಿನ ಒಂದು ಹಳೆಯ ಫೋಲ್ಡರನ್ನು ಅಳಿಸಬೇಕಿತ್ತು. ಯುಎಸ್‌ಆರ್ ಆದ ಮೇಲೆ ಒಂದು ಖಾಲಿ ಜಾಗ ಬಿದ್ದಿತ್ತು, ಅಷ್ಟೇ. ಅಳಿಸುವ ಆರ್‌ಎಂ ಕಮಾಂಡ್‌ಗೆ ಅದು ಎರಡು ಬೇರೆ ಬೇರೆ ಹೆಸರಾಗಿ ಕಂಡಿತು. ಮೊದಲನೆಯದು ಇಡೀ /ಯುಎಸ್‌ಆರ್. ಓಡಿಸಿದವರ ಯಂತ್ರದಲ್ಲಿ ಅದೆಲ್ಲ ಅಳಿಸಿಹೋಯಿತು. ಅದನ್ನು ಬರೆದವರು ಸ್ವಂತ ಸಮಯ ಕೊಟ್ಟು ಒಳ್ಳೆಯ ಕೆಲಸ ಮಾಡುತ್ತಿದ್ದವರು. ಅಂಥವರಿಗೂ ಹೀಗಾಗುತ್ತದೆ ಎಂದರೆ, ಈ ಹಂತದ ಪ್ರತಿ ಸಾಲನ್ನೂ ಇನ್ನೊಬ್ಬರು ಓದಲೇಬೇಕು ಅಲ್ವಾ? ನನ್ನ ಅಭಿಪ್ರಾಯದಲ್ಲಿ ಇನ್‌ಸ್ಟಾಲ್ ಹಂತದಲ್ಲಿ ಆರ್‌ಎಂ ಇರಲೇಬಾರದು. ಹಳೆಯದನ್ನು ತೆಗೆಯುವುದು ಪ್ಯಾಕೇಜ್ ಮ್ಯಾನೇಜರಿನ ಕೆಲಸ. ಯಾವ ಫೈಲು ಯಾರದ್ದು ಎಂಬ ಲೆಕ್ಕ ಅದರ ಹತ್ತಿರ ಇದೆ.

ಹಾಗೆಯೇ ಫಾಂಟ್ ಕ್ಯಾಶ್ (ಫಾಂಟುಗಳ ಪಟ್ಟಿ) ಹೊಸದು ಮಾಡುವುದು, ಲೈಬ್ರರಿಗಳ ಪಟ್ಟಿ ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಓಡಿಸುವುದು. ಡೆಸ್ಟ್‌ಡಿರ್ ಇದ್ದಾಗ ಇವನ್ನು ಮಾಡಬಾರದು. ಮಾಡಿದರೆ ಪ್ಯಾಕೇಜ್ ಕಟ್ಟುವವರ ಯಂತ್ರದಲ್ಲಿ ಓಡುತ್ತದೆ, ಬೇಕಾದವರ ಯಂತ್ರದಲ್ಲಿ ಅಲ್ಲ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಫಾಂಟುಗಳ ಪ್ಯಾಕೇಜ್ ಹಾಕಿದ ಕೂಡಲೇ ಕನ್ನಡ ಅಕ್ಷರ ಕಾಣಿಸುವುದಕ್ಕೆ ಕಾರಣ ಟ್ರಿಗರ್ ಎಂಬ ಏರ್ಪಾಡು. ಫಾಂಟ್ ಫೋಲ್ಡರಿಗೆ ಹೊಸ ಫೈಲು ಬಂತೆಂದರೆ ಪ್ಯಾಕೇಜ್ ಮ್ಯಾನೇಜರೇ ಕ್ಯಾಶ್ ಹೊಸದು ಮಾಡಿಸುತ್ತದೆ.

ಇನ್ನು ಪ್ರತಿ ಬಿಡುಗಡೆಗೆ ನೋಡುವುದು ಹೇಗೆ? ಖಾಲಿ ಫೋಲ್ಡರ್ ಒಂದಕ್ಕೆ ಡೆಸ್ಟ್‌ಡಿರ್ ಕೊಟ್ಟು ಮೇಕ್ ಇನ್‌ಸ್ಟಾಲ್ ಮಾಡಿ, ಸಾಮಾನ್ಯ ಬಳಕೆದಾರರಾಗಿಯೇ. ಒಳಗಿರುವ ಎಲ್ಲ ಫೈಲುಗಳ ಹೆಸರು, ಅನುಮತಿ ಪಟ್ಟಿ ಮಾಡಿ. ಹಿಂದಿನ ಬಿಡುಗಡೆಯ ಪಟ್ಟಿಯ ಜೊತೆ ಡಿಫ್ ತೆಗೆದು ವ್ಯತ್ಯಾಸ ನೋಡಿ. ಆ ಪಟ್ಟಿಯನ್ನು ಕೋಡ್ ಜೊತೆಗೇ ಇಟ್ಟುಕೊಳ್ಳಿ. ಬಿಟ್ಟುಹೋದ ಕೆಎನ್ ಫೈಲು ಅಲ್ಲಿ ಒಂದು ಮೈನಸ್ ಗುರುತಿನ ಸಾಲಾಗಿ ಎದ್ದು ಕಾಣುತ್ತದೆ. ಬೇರೆ ಯಾವ ಟೆಸ್ಟೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತೋರಿಸುವುದಿಲ್ಲ. ಆಟೋಮೇಕ್ ಬಳಸುವವರಿಗೆ ಮೇಕ್ ಡಿಸ್ಟ್‌ಚೆಕ್ ಇದೆ. ಅದು ಸೋರ್ಸ್ ಫೋಲ್ಡರಿಗೆ ಬರೆಯಲು ಬಾರದ ಹಾಗೆ ಬೀಗ ಹಾಕಿ, ಬೇರೆ ಕಡೆ ಬಿಲ್ಡ್ ಮಾಡಿ, ಇನ್‌ಸ್ಟಾಲ್ ಮಾಡಿ, ಅನ್‌ಇನ್‌ಸ್ಟಾಲ್ ಮಾಡಿ, ಏನಾದರೂ ಉಳಿದಿದೆಯೇ ಎಂದು ನೋಡುತ್ತದೆ. ಡೆಸ್ಟ್‌ಡಿರ್ ಸರಿ ಇದೆಯೇ ಎಂದೂ ಪರೀಕ್ಷಿಸುತ್ತದೆ.

ವಿತರಣೆಯವರೂ ಈಗ ಬಿಗಿಯಾಗಿದ್ದಾರೆ. ಇನ್‌ಸ್ಟಾಲ್ ಆದ ಫೈಲು ಯಾವ ಪ್ಯಾಕೇಜಿಗೂ ಸೇರದೆ ಉಳಿದರೆ ಆರ್‌ಪಿಎಂ ಬಿಲ್ಡನ್ನು ನಿಲ್ಲಿಸುತ್ತದೆ. ಡೆಬಿಯನ್‌ನಲ್ಲೂ ಡೆಬ್‌ಹೆಲ್ಪರ್ ಎಂಬ ಪ್ಯಾಕೇಜ್ ಕಟ್ಟುವ ಸಾಧನದ 13ನೇ ಹೊಂದಾಣಿಕೆ ಮಟ್ಟದಿಂದ ಅದೇ ಕಟ್ಟುನಿಟ್ಟು. ಕೆಲವರು ಇದನ್ನು ಕಿರಿಕಿರಿ ಅಂದುಕೊಂಡು ಸ್ಟಾರ್ ಗುರುತು ಹಾಕಿ ಎಲ್ಲವನ್ನೂ ಒಟ್ಟಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟಾರ್ ಹಾಕಿದರೆ ಹೊಸದಾಗಿ ಬಂದ ಫೈಲೂ ಗೊತ್ತಾಗುವುದಿಲ್ಲ, ಕಾಣೆಯಾದದ್ದೂ ಗೊತ್ತಾಗುವುದಿಲ್ಲ. ಹೆಸರು ಹೆಸರಾಗಿ ಬರೆಯಿರಿ. ಇಟಿಸಿ ಫೋಲ್ಡರಿನ ಸೆಟ್ಟಿಂಗ್ ಫೈಲುಗಳನ್ನಂತೂ ಬೇರೆಯಾಗಿ ಗುರುತಿಸಿ. ಬಳಸುವವರು ತಿದ್ದಿಕೊಂಡದ್ದನ್ನು ಅಪ್‌ಡೇಟ್ ಅಳಿಸಿಹಾಕಬಾರದು. ಡೆಬಿಯನ್‌ನಲ್ಲಿ ಅದಕ್ಕೆ ಕಾನ್‌ಫೈಲ್, ಆರ್‌ಪಿಎಂನಲ್ಲಿ ಕಾನ್ಫಿಗ್ ನೋರಿಪ್ಲೇಸ್ ಇದೆ.

ಲ್ಯಾಪ್‌ಟಾಪ್ ತಂದವರು ಈಗ ತೆರೆಯಿರಿ. ನಿಮ್ಮ ಪ್ರಾಜೆಕ್ಟ್ ಇದ್ದರೆ ಅದು, ಇಲ್ಲದಿದ್ದರೆ ಕನ್ನಡ ಅನುವಾದ ಇರುವ ಯಾವುದಾದರೂ ಚಿಕ್ಕ ಪ್ಯಾಕೇಜಿನ ಸೋರ್ಸ್ ಸಾಕು. ಡೆಸ್ಟ್‌ಡಿರ್ ಕೊಟ್ಟು ಇನ್‌ಸ್ಟಾಲ್ ಮಾಡಿ, ಪಟ್ಟಿ ತೆಗೆಯಿರಿ. ಮೊದಲು ಕೆಎನ್ ಫೋಲ್ಡರಿನ ಸಾಲು ಹುಡುಕಿ. ಸಿಗದವರು ಕೈ ಎತ್ತಿ, ನಾನು ನಿಮ್ಮ ಹತ್ತಿರ ಬರುತ್ತೇನೆ.